ಆರನೆಯ ಬೆರಳು, ಇರುಳುಗುರುಡು, ಕಿಡ್ನಿ ರೋಗ: ಮೂರನ್ನೂ ಸಿಲಿಯದ ಮೂಲಕ ಒಟ್ಟಿಗೆ ಓದುವ ಕ್ರಮ

ಮಗುವೊಂದು ಹುಟ್ಟುವಾಗಲೇ ಕಿರುಬೆರಳಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಬೆರಳಿರುತ್ತದೆ. ಅದನ್ನು ಎಳೆತನದಲ್ಲಿಯೇ ತೆಗೆಸುತ್ತಾರೆ, ಆಮೇಲೆ ಎಲ್ಲರೂ ಅದನ್ನು ಮರೆಯುತ್ತಾರೆ. ಏಳೆಂಟು ವರ್ಷವಾದಾಗ ಅದೇ ಮಗು ಮುಸ್ಸಂಜೆಯ ನಂತರ ಅಂಗಳದಲ್ಲಿ ಎಡವತೊಡಗುತ್ತದೆ. ಮತ್ತೆ ಕೆಲವು ವರ್ಷಗಳಾದ ಮೇಲೆ ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಲ್ಮಶ ಏರಿರುವುದು ಕಾಣುತ್ತದೆ. ಬೆರಳಿಗೆ ಒಬ್ಬ ವೈದ್ಯರು, ಕಣ್ಣಿಗೆ ಇನ್ನೊಬ್ಬರು, ಕಿಡ್ನಿಗೆ ಮತ್ತೊಬ್ಬರು ಚೀಟಿ ಬರೆದಿರುತ್ತಾರೆ. ಮೂರೂ ಚೀಟಿಗಳು ಒಂದೇ ಮೇಜಿನ ಮೇಲೆ ಒಟ್ಟಿಗೆ ಬರುವುದು ಮಾತ್ರ ಅಪರೂಪ. ಇವನ್ನು ಒಟ್ಟಿಗೆ ಇಟ್ಟು ಓದುವುದು ಹೇಗೆ, ಹಾಗೆ ಓದಲು ಜೀವಕೋಶದ ಯಾವ ಭಾಗವನ್ನು ಚೆನ್ನಾಗಿ ತಿಳಿದಿರಬೇಕು, ತಿಳಿದ ಮೇಲೆ ಕುಟುಂಬದವರನ್ನು ಏನು ಕೇಳಬೇಕು ಎಂಬುದನ್ನು ಹೇಳಿಕೊಡುವುದು ಈ ಬರಹದ ಉದ್ದೇಶ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಜೀವಶಾಸ್ತ್ರದ ಅಧ್ಯಾಪಕರು, ಪದವಿ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು, ವೈದ್ಯಕೀಯ ಕಾಲೇಜಿನ ಮೊದಲ ವರ್ಷದವರು, ಆಶಾ ಕಾರ್ಯಕರ್ತೆಯರು ಮತ್ತು ಇಂಥ ರೋಗವನ್ನು ಮನೆಯಲ್ಲಿಯೇ ಕಂಡವರು ಇದರ ಓದುಗರು.

ಈ ಕೆಲಸಕ್ಕೆ ದಾವಣಗೆರೆ ತಕ್ಕ ಊರು ಎಂಬುದು ನನ್ನ ಗಟ್ಟಿಯಾದ ನಂಬಿಕೆ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಇದು ಸುತ್ತಲಿನ ತಾಲ್ಲೂಕುಗಳ ರೋಗಿಗಳು ಬಂದು ಸೇರುವ ಊರಾಗಿದೆ. ಜಗಳೂರು, ಹರಪನಹಳ್ಳಿ, ಚನ್ನಗಿರಿ, ಹೊಳಲ್ಕೆರೆ, ಮೊಳಕಾಲ್ಮೂರು ಕಡೆಯ ಮಕ್ಕಳು ಇಲ್ಲಿಯ ಹೊರರೋಗಿ ವಿಭಾಗಗಳಿಗೆ ಬರುತ್ತಾರೆ. ಹಳ್ಳಿಗೆ ಒಂದೊಂದರಂತೆ ಚೆದುರಿರುವ ಅಪರೂಪದ ರೋಗಗಳು ಒಂದೇ ಊರಿನಲ್ಲಿ ಕಾಣಿಸಿಕೊಳ್ಳುವುದರಿಂದ, ಅವನ್ನು ಗುರುತಿಸಬಲ್ಲ ಕಣ್ಣುಗಳೂ ಇದೇ ಊರಿನಲ್ಲಿ ಸಿದ್ಧವಾಗಬೇಕು.

ಮೊದಲು ಸಿಲಿಯವನ್ನು ಕಣ್ಣಾರೆ ನೋಡಿ

ಸಿಲಿಯವೆಂದರೆ ಜೀವಕೋಶದ ಮೇಲ್ಮೈಯಿಂದ ಹೊರಚಾಚಿದ, ಕೂದಲಿಗಿಂತ ಬಹಳ ತೆಳ್ಳಗಿನ ಅಂಗಾಣು. ನಮ್ಮ ಪಠ್ಯಪುಸ್ತಕಗಳಲ್ಲಿ ಇದನ್ನು ಲೋಮಾಂಗ ಎಂದೂ ಕರೆದಿದ್ದಾರೆ. ಇದರ ಅಡ್ಡಳತೆ ಮೈಕ್ರೋಮೀಟರಿನ ಸುಮಾರು ಕಾಲು ಭಾಗದಷ್ಟು ಮಾತ್ರ. ಚಿತ್ರದಲ್ಲಿ ನೋಡಿ ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಇದರ ಮಹತ್ವ ಮನಸ್ಸಿಗೆ ಇಳಿಯುವುದಿಲ್ಲ, ಆದ್ದರಿಂದ ಪಾಠವನ್ನು ಸೂಕ್ಷ್ಮದರ್ಶಕದಿಂದಲೇ ಆರಂಭಿಸಬೇಕು.

ಭದ್ರಾ ಅಚ್ಚುಕಟ್ಟಿನ ಊರುಗಳಲ್ಲಿ ಭತ್ತದ ಹುಲ್ಲಿಗೆ ಕೊರತೆಯಿಲ್ಲ. ಒಂದು ಹಿಡಿ ಒಣಹುಲ್ಲನ್ನು ಸಣ್ಣಗೆ ಕತ್ತರಿಸಿ, ಒಂದು ಲೀಟರ್ ನೀರಿನಲ್ಲಿ ಕಾಲು ಗಂಟೆ ಕುದಿಸಿ, ಬಟ್ಟೆ ಮುಚ್ಚಿ ಒಂದು ದಿನ ಆರಲು ಬಿಡಿ. ನಲ್ಲಿಯ ನೀರಾದರೆ ಕುದಿಸುವ ಮೊದಲು ಒಂದು ದಿನ ತೆರೆದ ಪಾತ್ರೆಯಲ್ಲಿ ಇಡುವುದು ಒಳ್ಳೆಯದು, ಉಳಿದ ಕ್ಲೋರಿನ್ ಜೀವಿಗಳನ್ನು ಕೊಲ್ಲಬಹುದು. ಬಳಿಕ ಕುಂದವಾಡ ಕೆರೆಯದೋ ಸೂಳೆಕೆರೆಯದೋ ನಿಮ್ಮ ಊರಿನ ಯಾವುದಾದರೂ ಹೊಂಡದ್ದೋ ಅರ್ಧ ಲೋಟ ನೀರನ್ನು, ಕೊಳೆಯುತ್ತಿರುವ ಜಲಸಸ್ಯದ ಚೂರುಗಳ ಸಮೇತ ಅದಕ್ಕೆ ಸೇರಿಸಿ, ಬಿಸಿಲು ನೇರವಾಗಿ ಬೀಳದ ಕಡೆ ಇಡಿ. ಬೇಸಿಗೆಯಲ್ಲಿ ಈ ಜಾಡಿಯನ್ನು ಕಿಟಕಿಯ ಬಳಿ ಇಟ್ಟರೆ ನೀರು ಕಾದು ಎಲ್ಲವೂ ಹಾಳಾಗುತ್ತದೆ, ಕೋಣೆಯ ತಂಪಾದ ಮೂಲೆಯೇ ಸರಿ. ಒಂದು ವಾರದ ಹೊತ್ತಿಗೆ ನೀರಿನ ಮೇಲ್ಭಾಗದಲ್ಲಿ ತೆಳುವಾದ ಪೊರೆ ಕಟ್ಟಿರುತ್ತದೆ; ಅದರ ಕೆಳಗಿನಿಂದ ತೆಗೆದ ಹನಿಯಲ್ಲಿ, ಮೈತುಂಬ ಸಿಲಿಯವಿರುವ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿ ಸಿಗುವ ಸಾಧ್ಯತೆ ಹೆಚ್ಚು.

ಪ್ಯಾರಮೀಸಿಯಂ ವೇಗವಾಗಿ ಓಡುವುದರಿಂದ ಸ್ಲೈಡಿನ ಮೇಲೆ ಹತ್ತಿಯ ಕೆಲವು ಎಳೆಗಳನ್ನು ಬಿಡಿಸಿ ಹಾಕಿ, ಅದರ ಮೇಲೆ ಹನಿಯಿಟ್ಟು ಕವರ್‌ಸ್ಲಿಪ್ ಮುಚ್ಚಿ. ಮೊದಲು 100 ಪಟ್ಟು ವರ್ಧನೆಯಲ್ಲಿ ಹುಡುಕಿ, ಎಳೆಗಳ ನಡುವೆ ಸಿಕ್ಕಿಕೊಂಡ ಒಂದನ್ನು 400 ಪಟ್ಟಿಗೆ ತನ್ನಿ. ಆಮೇಲೆ ಡಯಾಫ್ರಮ್ಮನ್ನು ಕಿರಿದು ಮಾಡಿ ಬೆಳಕನ್ನು ತಗ್ಗಿಸಬೇಕು. ಬಹಳ ವಿದ್ಯಾರ್ಥಿಗಳು ಸಿಲಿಯ ಕಾಣುತ್ತಿಲ್ಲ ಎನ್ನುವುದು ಬೆಳಕು ಹೆಚ್ಚಾಗಿರುವುದರಿಂದಲೇ ಹೊರತು ಸೂಕ್ಷ್ಮದರ್ಶಕದ ದೋಷದಿಂದಲ್ಲ. ಬೆಳಕು ತಗ್ಗಿದಾಗ ದೇಹದ ಅಂಚಿನಲ್ಲಿ ಅಲೆಯಂತಹ ಮಿನುಗು ಕಾಣುತ್ತದೆ, ಅದೇ ಸಾವಿರಾರು ಸಿಲಿಯಗಳ ಬಡಿತ. ಹನಿಗೆ ಕಾರ್ಮೈನ್ ಪುಡಿಯ ಕಣಗಳನ್ನು ಚೂರು ಬೆರೆಸಿದರೆ, ಆ ಬಡಿತ ನೀರಿನಲ್ಲಿ ಹುಟ್ಟಿಸುವ ಹರಿವೂ ಕಾಣುತ್ತದೆ. ಇದೇ ಹರಿವನ್ನು ನಮ್ಮ ಶ್ವಾಸನಾಳದ ಗೋಡೆಯ ಸಿಲಿಯಗಳು ಹುಟ್ಟಿಸಿ, ದೂಳು ಮತ್ತು ಸೂಕ್ಷ್ಮಜೀವಿಗಳು ಅಂಟಿದ ಲೋಳೆಯನ್ನು ಗಂಟಲಿನ ಕಡೆಗೆ ದೂಡುತ್ತಿರುತ್ತವೆ ಎಂದು ಅಲ್ಲಿಯೇ ಹೇಳಿಬಿಡಿ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ, ಮೆಕ್ಕೆಜೋಳದ ಒಕ್ಕಣೆಯ ದೂಳಿನಲ್ಲಿ ದುಡಿಯುವವರ ಮಕ್ಕಳು ತರಗತಿಯಲ್ಲಿದ್ದರೆ, ತಂದೆ ತಾಯಿಯ ಶ್ವಾಸಕೋಶವನ್ನು ಪ್ರತಿದಿನ ಶುಚಿಗೊಳಿಸುವುದು ಏನು ಎಂಬುದು ಅವರಿಗೆ ತಟ್ಟನೆ ಅರ್ಥವಾಗುತ್ತದೆ.

ಹಸಿರು ಬಣ್ಣಕ್ಕೆ ತಿರುಗಿದ ಹೊಂಡದ ನೀರಿನಲ್ಲಿ ಕ್ಲಾಮಿಡೊಮೊನಾಸ್ ಎಂಬ ಏಕಕೋಶ ಪಾಚಿ ಸಿಕ್ಕರೆ ಅದನ್ನೂ ತಪ್ಪದೆ ತೋರಿಸಿ. ಅದರ ಮುಂದಿನ ತುದಿಯಲ್ಲಿರುವ ಎರಡು ಕಶಾಂಗಗಳು ರಚನೆಯಲ್ಲಿ ಸಿಲಿಯವೇ ಆಗಿವೆ. 1993ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಕೊಜ್ಮಿನ್‌ಸ್ಕಿ, ಜೋಯಲ್ ರೋಸೆನ್‌ಬಾಮ್ ಮತ್ತು ಸಂಗಡಿಗರು ಇದೇ ಪಾಚಿಯ ಕಶಾಂಗದೊಳಗೆ ಸಣ್ಣ ಕಣಗಳು ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ಎಡೆಬಿಡದೆ ಸಾಗುತ್ತಿರುವುದನ್ನು ಕಂಡರು. ಈ ಸಾಗಣೆ ಕೆಟ್ಟರೆ ಸಿಲಿಯವೂ ಅದನ್ನು ನೆಚ್ಚಿದ ಅಂಗಗಳೂ ಕೆಡುತ್ತವೆ; ಮನುಷ್ಯನ ಕಿಡ್ನಿ ರೋಗ ಅರ್ಥವಾಗುವ ದಾರಿ ಹೊಂಡದ ಪಾಚಿಯಿಂದ ತೆರೆದದ್ದು ಹೀಗೆ.

ಬಡಿಯದ ಸಿಲಿಯದ ಕಡೆಗೆ ಪಾಠವನ್ನು ತಿರುಗಿಸಿ

ಬಡಿಯುವ ಸಿಲಿಯವನ್ನು ಅಡ್ಡಕ್ಕೆ ಕೊಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರೋಟೀನಿನಿಂದಾದ ಒಂಬತ್ತು ಜೋಡಿ ಸೂಕ್ಷ್ಮನಾಳಗಳ ವೃತ್ತವೂ ನಡುವೆ ಎರಡು ಒಂಟಿ ಸೂಕ್ಷ್ಮನಾಳಗಳೂ ಕಾಣುತ್ತವೆ. ಬಡಿತಕ್ಕೆ ಬಲ ಕೊಡುವ ಡೈನೀನ್ ಎಂಬ ಪ್ರೋಟೀನು ಆ ಜೋಡಿಗಳಿಗೆ ಬಾಹುಗಳಂತೆ ಅಂಟಿಕೊಂಡಿರುತ್ತದೆ. ಇದನ್ನು ಕರಿಹಲಗೆಯ ಒಂದು ಬದಿಯಲ್ಲಿ ಬಿಡಿಸಿ. ಇನ್ನೊಂದು ಬದಿಯಲ್ಲಿ ನಡುವಿನ ಎರಡು ನಾಳಗಳಿಲ್ಲದ, ಡೈನೀನ್ ಬಾಹುಗಳೂ ಇಲ್ಲದ ವೃತ್ತವನ್ನು ಬಿಡಿಸಿ. ಅದು ಪ್ರಾಥಮಿಕ ಸಿಲಿಯ. ಒಂದು ಜೀವಕೋಶಕ್ಕೆ ಒಂದೇ ಇರುತ್ತದೆ, ಉದ್ದ ಕೆಲವೇ ಮೈಕ್ರೋಮೀಟರ್, ಅದು ಬಡಿಯುವುದಿಲ್ಲ. ಕಿಡ್ನಿಯ ನಾಳಗಳು, ಮೂಳೆ, ಮೆದುಳು, ಮೇದೋಜೀರಕ ಗ್ರಂಥಿ ಹೀಗೆ ನಮ್ಮ ದೇಹದ ಬಹುಪಾಲು ಬಗೆಯ ಜೀವಕೋಶಗಳಲ್ಲಿ ಇದು ಇದೆ. 1898ರಲ್ಲಿಯೇ ಕಾರ್ಲ್ ಜಿಮ್ಮರ್‌ಮನ್ ಇದನ್ನು ವರ್ಣಿಸಿದ್ದರೂ, ಸುಮಾರು ಒಂದು ಶತಮಾನದ ಕಾಲ ವಿಜ್ಞಾನಿಗಳು ಇದನ್ನು ಕೆಲಸವಿಲ್ಲದೆ ಉಳಿದುಹೋದ ಅವಶೇಷವೆಂದೇ ಎಣಿಸಿದ್ದರು.

ಇದು ಹುಟ್ಟುವ ಬಗೆಯನ್ನು ಕ್ರಮವಾಗಿ ಹೇಳಬೇಕು. ವಿಭಜನೆ ಮುಗಿಸಿ ವಿಶ್ರಾಂತ ಸ್ಥಿತಿಗೆ ಬಂದ ಜೀವಕೋಶದಲ್ಲಿ ವಿಭಜನೆಗೆ ನೆರವಾಗುವ ನಳಿಗೆಯಾಕಾರದ ಎರಡು ಸೆಂಟ್ರಿಯೋಲ್‌ಗಳ ಪೈಕಿ ಹಳೆಯದು, ಅಂದರೆ ತಾಯಿ ಸೆಂಟ್ರಿಯೋಲ್, ಜೀವಕೋಶದ ಪೊರೆಯ ಬಳಿಗೆ ಬಂದು ತನ್ನ ತುದಿಯ ಉಪಾಂಗಗಳ ಮೂಲಕ ಅದಕ್ಕೆ ಕಚ್ಚಿಕೊಳ್ಳುತ್ತದೆ. ಅದರ ತುದಿಯನ್ನು ಮುಚ್ಚಿದ್ದ ಪ್ರೋಟೀನಿನ ಟೋಪಿ ಕಳಚುತ್ತದೆ, ಅಲ್ಲಿಂದ ಸೂಕ್ಷ್ಮನಾಳಗಳು ಹೊರಕ್ಕೆ ಬೆಳೆಯುತ್ತವೆ. ಸಿಲಿಯದೊಳಗೆ ಪ್ರೋಟೀನ್ ತಯಾರಾಗುವುದಿಲ್ಲವಾದ್ದರಿಂದ ಬೇಕಾದ ಪ್ರತಿಯೊಂದು ವಸ್ತುವೂ ಬುಡದಿಂದ ಹೋಗಬೇಕು. ಕೈನೆಸಿನ್-2 ಎಂಬ ಮೋಟಾರು ಪ್ರೋಟೀನು ತುದಿಯ ಕಡೆಗೂ, ಡೈನೀನ್-2 ಎಂಬುದು ಹಿಂದಕ್ಕೂ ಒಯ್ಯುತ್ತದೆ. ಜೀವಕೋಶ ಮತ್ತೆ ವಿಭಜನೆಗೆ ಹೊರಟಾಗ ಸೆಂಟ್ರಿಯೋಲ್ ಆ ಕೆಲಸಕ್ಕೆ ಬೇಕಾಗುವುದರಿಂದ ಸಿಲಿಯವು ಒಳಕ್ಕೆ ಸೇರಿಹೋಗುತ್ತದೆ. ಜೀವಕೋಶಗಳನ್ನು ಬೆಳೆಸುವ ಪ್ರಯೋಗಾಲಯಗಳಲ್ಲಿ ಸಿಲಿಯ ಮೂಡಿಸಬೇಕಾದಾಗ ವಿಭಜನೆಗೆ ಪ್ರಚೋದನೆ ಕೊಡುವ ಸೀರಮ್ಮನ್ನು ತಗ್ಗಿಸಿ, ವಿಭಜನೆಯನ್ನು ನಿಲ್ಲಿಸುವುದು ಇದೇ ಕಾರಣಕ್ಕೆ.

ಸಿಲಿಯದ ಬುಡದಲ್ಲಿ ಸಂಧಿವಲಯವೆಂಬ ಕಿರಿದಾದ ಭಾಗವೊಂದಿದೆ. ಯಾವ ಪ್ರೋಟೀನು ಒಳಗೆ ಹೋಗಬೇಕು, ಯಾವುದು ಹೊರಗೇ ಉಳಿಯಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಭದ್ರಾ ನಾಲೆಯ ತೂಬು ಕೆಟ್ಟರೆ ನಾಲೆ ತುಂಬ ನೀರಿದ್ದರೂ ಕೊನೆಯ ಗದ್ದೆ ಒಣಗುತ್ತದಲ್ಲವೆ, ಹಾಗೆಯೇ ಸಂಧಿವಲಯದ ಒಂದು ಪ್ರೋಟೀನು ಕೆಟ್ಟರೂ ಸಿಲಿಯವು ನೋಡಲು ನೆಟ್ಟಗೆ ನಿಂತಿದ್ದು ಒಳಗೆ ಬೇಕಾದ್ದು ಬಾರದೆ ಕೆಲಸ ಕೆಡುತ್ತದೆ. ಸಿಲಿಯ ಇದೆಯೆ ಇಲ್ಲವೆ ಎಂಬ ಒಂದೇ ಪ್ರಶ್ನೆಯಿಂದ ಈ ರೋಗಗಳು ಅರ್ಥವಾಗದಿರಲು ಇದೇ ಕಾರಣ.

ಸಂಕೇತದ ಪಾಠ: ಒಂದೇ ದೋಷ, ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ

ಈ ವಿಷಯದ ತಿರುಳಿರುವುದು ಇಲ್ಲಿ. ಭ್ರೂಣದಲ್ಲಿ ಪ್ರತಿ ಜೀವಕೋಶವೂ ತಾನು ಎಲ್ಲಿದ್ದೇನೆ, ಏನಾಗಬೇಕು ಎಂಬುದನ್ನು ನೆರೆಯ ಜೀವಕೋಶಗಳು ಸುರಿಸುವ ಸಂಕೇತ ಪ್ರೋಟೀನುಗಳಿಂದ ತಿಳಿಯುತ್ತದೆ. ಅವುಗಳಲ್ಲಿ ಹೆಡ್ಜ್‌ಹಾಗ್ ಒಂದು. ಹಣ್ಣುನೊಣದ ಮರಿಹುಳುಗಳಲ್ಲಿ ಇದರ ವಂಶವಾಹಿಯನ್ನು ಕಂಡುಹಿಡಿದ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶಾಸ್ 1980ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. 1995ರಲ್ಲಿ ಎಡ್ವರ್ಡ್ ಲೂಯಿಸ್ ಅವರೊಡನೆ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆದರೆ ನೊಣದಲ್ಲಿ ಹೆಡ್ಜ್‌ಹಾಗ್ ಸಂಕೇತಕ್ಕೆ ಬಹುಮಟ್ಟಿಗೆ ಸಿಲಿಯ ಬೇಕಾಗಿಲ್ಲ. ಆದ್ದರಿಂದ ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಅದು ಸಿಲಿಯದ ಮೂಲಕವೇ ಸಾಗುತ್ತದೆ ಎಂಬುದು 2003ರವರೆಗೆ ಯಾರಿಗೂ ಹೊಳೆಯಲಿಲ್ಲ. ಆ ವರ್ಷ ಕ್ಯಾಥರಿನ್ ಆಂಡರ್ಸನ್ ಅವರ ಪ್ರಯೋಗಾಲಯದಲ್ಲಿ, ಸಿಲಿಯದೊಳಗಿನ ಸಾಗಣೆಯ ವಂಶವಾಹಿಗಳು ಕೆಟ್ಟ ಇಲಿಭ್ರೂಣಗಳಲ್ಲಿ ಹೆಡ್ಜ್‌ಹಾಗ್ ಸಂಕೇತವೂ ಕೆಟ್ಟಿರುವುದು ಕಂಡುಬಂತು.

ಕರಿಹಲಗೆಯ ಮೇಲೆ ಸಿಲಿಯವನ್ನು ದೊಡ್ಡದಾಗಿ ಬಿಡಿಸಿ, ಮೂರು ಪ್ರೋಟೀನುಗಳನ್ನು ಅದರಲ್ಲಿ ಗುರುತಿಸಿ. ಸಂಕೇತವಿಲ್ಲದಾಗ ಪ್ಯಾಚ್ಡ್ ಎಂಬ ಗ್ರಾಹಿ, ಅಂದರೆ ಸಂಕೇತವನ್ನು ಹಿಡಿಯುವ ಪ್ರೋಟೀನು, ಸಿಲಿಯದಲ್ಲಿದ್ದು, ಸ್ಮೂತೆಂಡ್ ಎಂಬುದನ್ನು ಒಳಗೆ ಸೇರಿಕೊಳ್ಳಲು ಬಿಡುವುದಿಲ್ಲ; ಆಗ ಗ್ಲಿ3 ಎಂಬ ಪ್ರೋಟೀನು ತುಂಡಾಗಿ, ವಂಶವಾಹಿಗಳನ್ನು ತಡೆಯುವ ರೂಪ ಪಡೆಯುತ್ತದೆ. ಸಂಕೇತ ಬಂದಾಗ ಪ್ಯಾಚ್ಡ್ ಹೊರಬೀಳುತ್ತದೆ, ಸ್ಮೂತೆಂಡ್ ಸಿಲಿಯದೊಳಗೆ ಸೇರುತ್ತದೆ, ಗ್ಲಿ ಪ್ರೋಟೀನುಗಳು ತುಂಡಾಗದೆ ಕೋಶಕೇಂದ್ರಕ್ಕೆ ಹೋಗಿ ವಂಶವಾಹಿಗಳನ್ನು ಚುರುಕುಗೊಳಿಸುತ್ತವೆ. ಈಗ ವಿದ್ಯಾರ್ಥಿಗಳನ್ನು ಕೇಳಿ: ಸಿಲಿಯವೇ ಇಲ್ಲದಿದ್ದರೆ ಏನಾಗುತ್ತದೆ? ಸಂಕೇತ ನಿಲ್ಲುತ್ತದೆ ಎಂದು ಬಹುಪಾಲು ಮಂದಿ ಹೇಳುತ್ತಾರೆ. ಅದು ಅರ್ಧ ಉತ್ತರ. ಚುರುಕುಗೊಳಿಸುವ ರೂಪಕ್ಕೂ ತಡೆಯುವ ರೂಪಕ್ಕೂ ಸಿಲಿಯ ಬೇಕು, ಆದ್ದರಿಂದ ಎರಡೂ ಕೆಡುತ್ತವೆ. ಯಾವ ಅಂಗದಲ್ಲಿ ಯಾವ ರೂಪದ ಕೆಲಸ ಮುಖ್ಯವೋ ಅದರ ಮೇಲೆ ಫಲ ನಿಲ್ಲುತ್ತದೆ. ಬೆನ್ನುಹುರಿಯಾಗಲಿರುವ ನರನಾಳದ ಹೊಟ್ಟೆಯ ಬದಿಯಲ್ಲಿ ಚುರುಕುಗೊಳಿಸುವ ರೂಪ ಮುಖ್ಯವಾದ್ದರಿಂದ ಅಲ್ಲಿ ಆಗಬೇಕಾದ ಜೀವಕೋಶಗಳು ಆಗುವುದಿಲ್ಲ. ಕೈಕಾಲಿನ ಮೊಗ್ಗಿನಲ್ಲಿ ಬೆರಳುಗಳ ಸಂಖ್ಯೆಗೆ ಮಿತಿ ಹಾಕುವುದು ತಡೆಯುವ ರೂಪ. ಅದು ಇಲ್ಲವಾದಾಗ ಬೆರಳು ಹೆಚ್ಚುತ್ತದೆ. ಆರನೆಯ ಬೆರಳು ಮೂಡುವುದೂ ಮೆದುಳಿನ ಭಾಗವೊಂದು ಕುಂದುವುದೂ ಒಂದೇ ದೋಷದಿಂದ ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಇದೇ ಉತ್ತರ. ಇದನ್ನು ಅರಿತ ವಿದ್ಯಾರ್ಥಿ ಮುಂದೆ ರೋಗಿಯ ಮುಂದೆ ಕುಳಿತಾಗ, ಬೆರಳಿಗೂ ಬುದ್ಧಿಯ ಬೆಳವಣಿಗೆಗೂ ಏನು ಸಂಬಂಧ ಎಂದು ತಳ್ಳಿಹಾಕುವುದಿಲ್ಲ.

ಚಳ್ಳಕೆರೆ, ಹಿರಿಯೂರು ಕಡೆಯ ತರಗತಿಗಳಲ್ಲಿ ಕುರಿ ಸಾಕುವ ಮನೆಯ ಮಕ್ಕಳು ಇದ್ದೇ ಇರುತ್ತಾರೆ. ಅವರಿಗೆ ಹೇಳಲು ತಕ್ಕ ನಿಜಸಂಗತಿಯೊಂದಿದೆ. ಅಮೆರಿಕದ ಐಡಹೋ ಸೀಮೆಯಲ್ಲಿ ಕಳೆದ ಶತಮಾನದ ನಡುಭಾಗದಲ್ಲಿ ಹಣೆಯ ನಡುವೆ ಒಂದೇ ಕಣ್ಣಿನ ಕುರಿಮರಿಗಳು ಹುಟ್ಟುತ್ತಿದ್ದವು. ಗಬ್ಬದ ಸುಮಾರು 14ನೆಯ ದಿನ ತಾಯಿ ಕುರಿಗಳು ಅಲ್ಲಿಯ ಬೆಟ್ಟಗಳಲ್ಲಿ ಬೆಳೆಯುವ ವೆರಾಟ್ರಮ್ ಎಂಬ ಗಿಡವನ್ನು ಮೇಯ್ದದ್ದೇ ಅದಕ್ಕೆ ಕಾರಣವೆಂದು ತಿಳಿಯಿತು. ಅದರಲ್ಲಿದ್ದ ವಿಷಕ್ಕೆ ಸೈಕ್ಲೊಪಮೀನ್ ಎಂದು ಹೆಸರಿಟ್ಟರು, ಅದು ಹಿಡಿದು ನಿಲ್ಲಿಸುವುದು ಸ್ಮೂತೆಂಡ್ ಪ್ರೋಟೀನನ್ನೇ ಎಂಬುದು ಎಷ್ಟೋ ವರ್ಷಗಳ ನಂತರ ಗೊತ್ತಾಯಿತು. ಆ ಅರಿವಿನ ದಾರಿಯಲ್ಲಿಯೇ ಸ್ಮೂತೆಂಡನ್ನು ತಡೆಯುವ ವಿಸ್ಮೋಡೆಜಿಬ್ ಎಂಬ ಮದ್ದು ಬಂದು, 2012ರಲ್ಲಿ ಅಮೆರಿಕದಲ್ಲಿ ಚರ್ಮದ ಒಂದು ಬಗೆಯ ಕ್ಯಾನ್ಸರಿಗೆ ಒಪ್ಪಿಗೆ ಪಡೆಯಿತು. ಭ್ರೂಣದಲ್ಲಿ ಮುಖವನ್ನು ರೂಪಿಸುವ ಸಂಕೇತವೇ ದೊಡ್ಡವರಲ್ಲಿ ಹದ್ದುಮೀರಿದಾಗ ಗಡ್ಡೆಯಾಗುತ್ತದೆ ಎಂಬುದನ್ನು ಕುರಿಗಾಹಿಯ ಮಗ ಇದಕ್ಕಿಂತ ಸ್ಪಷ್ಟವಾಗಿ ಕಲಿಯುವ ದಾರಿ ನನಗೆ ತೋಚದು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ವಿಜ್ಞಾನದ ಅಧ್ಯಾಪಕರಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ಅಲ್ಲಿಗೆ ಹೋಗಿಬರುವ ಅಧ್ಯಾಪಕರು ಇಂಥ ಪಾಠಗಳನ್ನು ಕಟ್ಟಿಕೊಂಡು ಬರಬೇಕೆಂದು ನನ್ನ ಆಸೆ.

ಎಡ ಬಲಗಳ ಪಾಠವನ್ನು ಚಿಕ್ಕದಾಗಿ ಮುಗಿಸಬಹುದು. ಇಲಿಯ ಎಳೆಯ ಭ್ರೂಣದ ನೋಡ್ ಎಂಬ ಗುಳಿಯಲ್ಲಿರುವ ಸಿಲಿಯಗಳು ಗಿರ್ರನೆ ತಿರುಗುತ್ತ ದ್ರವವನ್ನು ಎಡಕ್ಕೆ ಹರಿಸುತ್ತವೆ ಎಂಬುದನ್ನು 1998ರಲ್ಲಿ ಜಪಾನಿನ ನೊಬುತಾಕಾ ಹಿರೊಕಾವಾ ಅವರ ತಂಡ ತೋರಿಸಿತು. ಆ ಹರಿವಿನಿಂದ ಎಡಬದಿಯಲ್ಲಿ ಮಾತ್ರ ನೋಡಲ್ ಎಂಬ ವಂಶವಾಹಿ ಎಚ್ಚರಗೊಂಡು, ಹೃದಯ ಎಡಕ್ಕೂ ಯಕೃತ್ತು ಬಲಕ್ಕೂ ನಿಲ್ಲುತ್ತದೆ. ಸಿಲಿಯ ತಿರುಗದಿದ್ದರೆ ಯಾವ ಅಂಗ ಯಾವ ಕಡೆ ಎಂಬುದು ಆಕಸ್ಮಿಕಕ್ಕೆ ಬಿಟ್ಟ ಮಾತಾಗುತ್ತದೆ. ಸಿಲಿಯದ ಬಡಿತ ಹುಟ್ಟಿನಿಂದಲೇ ಕೆಟ್ಟಿರುವ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯ ಬಲಗಡೆ ಇರುವುದು ಇದರಿಂದಲೇ.

ಮನೆಯಲ್ಲಿ ಕುಳಿತು ವಂಶವೃಕ್ಷ ಬರೆಯುವ ಕ್ರಮ

ಈಗ ತರಗತಿಯಿಂದ ಮನೆಗೆ ಬರೋಣ. ಮೂರು ತಲೆಮಾರಿನ ವಂಶವೃಕ್ಷವನ್ನು ಒಂದು ಹಾಳೆಯ ಮೇಲೆ ಬರೆಯುವುದೇ ಇಲ್ಲಿಯ ಮುಖ್ಯ ಕೆಲಸ, ಅದಕ್ಕೆ ಯಾವ ಯಂತ್ರವೂ ಬೇಡ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ರೋಗವಿದ್ದವರ ಗುರುತನ್ನು ತುಂಬುವುದು, ತೀರಿಕೊಂಡವರ ಮೇಲೆ ಓರೆಗೆರೆ, ಸಂಬಂಧದಲ್ಲಿಯೇ ಆದ ಮದುವೆಗೆ ಜೋಡಿಗೆರೆ. ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಬರೆಯಬೇಕು, ಏಕೆಂದರೆ ಹುಟ್ಟಿದ ಮಕ್ಕಳ, ಉಳಿಯದ ಮಕ್ಕಳ ನೆನಪು ಇರುವುದು ಅವರಿಗೆ. ನಿಮ್ಮ ಮನೆತನದಲ್ಲಿ ರೋಗವಿದೆಯೆ ಎಂದು ಕೇಳಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. ಅದು ಸಹಜ, ಮದುವೆಯಾಗಬೇಕಾದ ಹೆಣ್ಣುಮಕ್ಕಳು ಮನೆಯಲ್ಲಿರುತ್ತಾರೆ. ಅದರ ಬದಲು, "ಅಜ್ಜಿ, ಹುಟ್ಟಿದಾಗ ಯಾರ ಕೈಯಾಗಾದ್ರೂ ಕಾಲಾಗಾದ್ರೂ ಆರು ಬೆರಳು ಇದ್ವಾ? ಸಂಜಿ ಆದ ಮ್ಯಾಲೆ ಯಾರಿಗಾದ್ರೂ ಕಣ್ಣು ಕಾಣ್ತಿರ್ಲಿಲ್ವಾ?" ಎಂದು ಒಂದೊಂದಾಗಿ, ಮೆಲ್ಲಗೆ ಕೇಳಬೇಕು.

ಬೆರಳನ್ನು ಎಳೆತನದಲ್ಲಿ ದಾರ ಕಟ್ಟಿ ಉದುರಿಸಿದ್ದರೆ ತಾಯಿಗೂ ಅದು ಮರೆತಿರಬಹುದು. ಕಿರುಬೆರಳಿನ ಹೊರಬದಿಯಲ್ಲಿ, ಪಾದದ ಹೊರ ಅಂಚಿನಲ್ಲಿ ಚಿಕ್ಕ ಗಂಟು ಅಥವಾ ಕಲೆ ಇದೆಯೆ ಎಂದು ಬೆಳಕಿನಲ್ಲಿ ನೋಡಿ. ಆರು ಬೆರಳಿನ ಬಹುಪಾಲು ಮಕ್ಕಳಿಗೆ ಬೇರೆ ಯಾವ ತೊಂದರೆಯೂ ಇರುವುದಿಲ್ಲ. ಆದ್ದರಿಂದ ಬೆರಳೊಂದನ್ನೇ ನೋಡಿ ಯಾರನ್ನೂ ಹೆದರಿಸಬಾರದು. ಅದರ ಜೊತೆಗೆ ಇನ್ನೊಂದು ಅಂಗದ ಲಕ್ಷಣ ಸೇರಿದಾಗ ಮಾತ್ರ ಎಚ್ಚರ ಬೇಕು.

ಇರುಳುಗುರುಡಿಗೆ ಎ ವಿಟಮಿನ್ ಕೊರತೆಯೇ ಕಾರಣವೆಂದು ಮೊದಲು ಭಾವಿಸುವುದು ತಪ್ಪಲ್ಲ. ಆದರೆ ವಿಟಮಿನ್ ಕೊಟ್ಟ ಮೇಲೂ ಸರಿಹೋಗದಿದ್ದರೆ ಅಕ್ಷಿಪಟಲವನ್ನು ನೋಡಿಸಬೇಕು. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ಕಣ್ಣಿನ ದಂಡಕೋಶದ ಹೊರಭಾಗ ಬೆಳವಣಿಗೆಯ ದೃಷ್ಟಿಯಿಂದ ರೂಪಾಂತರಗೊಂಡ ಸಿಲಿಯವೇ ಆಗಿದೆ. ಬೆಳಕು ಹಿಡಿಯುವ ಪ್ರೋಟೀನುಗಳೆಲ್ಲ ಒಂದು ಕಿರಿದಾದ ಸಿಲಿಯದ ಮೂಲಕವೇ ಅಲ್ಲಿಗೆ ತಲುಪಬೇಕು, ಮತ್ತು ಆ ಭಾಗ ಸುಮಾರು ಹತ್ತು ದಿನಗಳಲ್ಲಿ ಪೂರ್ತಿ ಹೊಸದಾಗುತ್ತಿರುತ್ತದೆ. ಇಷ್ಟು ದಟ್ಟವಾದ ಸಾಗಣೆ ಇರುವ ಕಡೆ ಚಿಕ್ಕ ದೋಷವೂ ದೊಡ್ಡದಾಗಿ ಕಾಣುತ್ತದೆ. ಬಾರ್ಡೆ-ಬೀಡಲ್ ಸಿಂಡ್ರೋಮ್ ಎಂಬ ರೋಗದಲ್ಲಿ ಹೊರಬದಿಯ ಹೆಚ್ಚುವರಿ ಬೆರಳು, ಇರುಳುಗುರುಡಿನಿಂದ ಆರಂಭವಾಗಿ ಹದಿಹರೆಯದಲ್ಲಿ ತೀವ್ರವಾಗುವ ದೃಷ್ಟಿಲೋಪ, ಮೊದಲ ವರ್ಷಗಳಿಂದಲೇ ಏರುವ ತೂಕ, ಕಿಡ್ನಿಯ ತೊಂದರೆ, ಕಲಿಕೆಯ ನಿಧಾನ ಇವು ಸೇರಿ ಬರುತ್ತವೆ. ಹಸಿವನ್ನು ಹದದಲ್ಲಿಡುವ ಮೆದುಳಿನ ಜೀವಕೋಶಗಳ ಗ್ರಾಹಿಗಳೂ ಸಿಲಿಯದಲ್ಲಿಯೇ ಇರುವುದರಿಂದ ಆ ಮಗುವಿನ ಹಸಿವು ನಿಜವಾದ ಹಸಿವು. ಅದನ್ನು ಹೊಟ್ಟೆಬಾಕತನವೆಂದು ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಹಂಗಿಸುವುದು ದೊಡ್ಡ ಅನ್ಯಾಯ. ಈ ಹಸಿವಿಗೆಂದೇ ಸೆಟ್‌ಮೆಲನೋಟೈಡ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿದೆ.

ಕಿಡ್ನಿಯ ಬಗ್ಗೆ ಕೇಳುವಾಗ ಊತವೊಂದನ್ನೇ ಕೇಳಿ ನಿಲ್ಲಬೇಡಿ. ನೆಫ್ರೊನೊಫ್ತಿಸಿಸ್ ಎಂಬ ಸಿಲಿಯ ರೋಗದಲ್ಲಿ ಮಗುವಿಗೆ ಬಾಯಾರಿಕೆ ಹೆಚ್ಚು, ರಾತ್ರಿ ಎದ್ದು ಎದ್ದು ನೀರು ಕುಡಿಯುತ್ತದೆ, ನಿಂತಿದ್ದ ಹಾಸಿಗೆಯ ಮೂತ್ರ ಮತ್ತೆ ಶುರುವಾಗುತ್ತದೆ, ಎತ್ತರ ಏರುವುದಿಲ್ಲ, ಮುಖ ಬಿಳಿಚಿಕೊಳ್ಳುತ್ತದೆ. ಮೂತ್ರದಲ್ಲಿ ಪ್ರೋಟೀನು, ರಕ್ತ ಕಾಣದಿರುವುದರಿಂದ ಸಾಮಾನ್ಯ ಮೂತ್ರ ಪರೀಕ್ಷೆ ಸರಿಯಾಗಿದೆ ಎಂದೇ ಬರಬಹುದು. ಚಿತ್ರದುರ್ಗದ ಬಿಸಿಲಿನಲ್ಲಿ ಬಾಯಾರಿಕೆ ಯಾರಿಗಿಲ್ಲ ಎಂದು ಬಿಟ್ಟರೆ, ಕಿಡ್ನಿ ಸೋತ ಮೇಲೆಯೇ ರೋಗ ಗೊತ್ತಾಗುತ್ತದೆ. ಇಂಥ ಮಗುವಿಗೆ ರಕ್ತದ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಬೆಳಗಿನ ಮೊದಲ ಮೂತ್ರದ ಸಾಂದ್ರತೆ, ಹೊಟ್ಟೆಯ ಸ್ಕ್ಯಾನಿಂಗ್ ಇಷ್ಟನ್ನಾದರೂ ಮಾಡಿಸಬೇಕು. ಹಾಸಿಗೆ ಒದ್ದೆಯಾಗುತ್ತದೆಂದು ನೀರು ಕುಡಿಯದಂತೆ ತಡೆಯುವುದು ಅಪಾಯಕಾರಿ.

ಎಳೆತನದಿಂದ ವರ್ಷವಿಡೀ ಬಿಡದ ಕಫದ ಕೆಮ್ಮು, ಸದಾ ಸುರಿಯುವ ಮೂಗು, ಮರುಕಳಿಸುವ ಕಿವಿಸೋರು, ತಿಂಗಳು ತುಂಬಿ ಹುಟ್ಟಿದ್ದರೂ ಹುಟ್ಟಿದ ಮೊದಲ ದಿನಗಳಲ್ಲಿ ಆಮ್ಲಜನಕ ಬೇಕಾದದ್ದು ಇವು ಸೇರಿದರೆ ಬಡಿಯುವ ಸಿಲಿಯದ ರೋಗವನ್ನು ನೆನೆಯಬೇಕು. ಇಂಥವರಿಗೆ ಕ್ಷಯವೆಂದೋ ಆಸ್ತಮಾವೆಂದೋ ಸುತ್ತು ಸುತ್ತಾಗಿ ಔಷಧ ನಡೆಯುತ್ತಿರುತ್ತದೆ. ಎದೆಯ ಎಕ್ಸ್‌ರೇಯಲ್ಲಿ ಹೃದಯ ಬಲಗಡೆ ಕಂಡರೆ ಫಿಲ್ಮನ್ನು ತಿರುಗಿಸಿ ಹಿಡಿಯುವ ಮೊದಲು ಅದರ ಮೇಲಿನ ಬದಿಯ ಗುರುತನ್ನು ನೋಡಿ. ಮಾನೆಸ್ ಕಾರ್ಟಗೆನರ್ 1933ರಲ್ಲಿ ವರ್ಣಿಸಿದ ಈ ಲಕ್ಷಣಗಳ ಕೂಟದ ಕಾರಣ ಸಿಲಿಯದ ಡೈನೀನ್ ಬಾಹುಗಳ ಕೊರತೆ ಎಂಬುದನ್ನು ಬ್ಯೋರ್ನ್ ಅಫ್ಜೆಲಿಯಸ್ 1976ರಲ್ಲಿ ತೋರಿಸಿದರು. ವೀರ್ಯಾಣುವಿನ ಬಾಲದಲ್ಲಿಯೂ ಅದೇ ರಚನೆಯಿರುವುದರಿಂದ ಇಂಥ ಗಂಡಸರಿಗೆ ಮಕ್ಕಳಾಗುವುದು ಕಷ್ಟವಾಗಬಹುದು. ಮಕ್ಕಳಿಲ್ಲವೆಂಬ ದೂರನ್ನು ಹೆಂಡತಿಯ ಮೇಲೆ ಹೊರಿಸುವ ಮೊದಲು ಗಂಡನ ಹಳೆಯ ಕೆಮ್ಮನ್ನು ವಿಚಾರಿಸಬೇಕು.

ಹುಟ್ಟಿದ ಕೂಸು ಮೆತ್ತಗಿದ್ದು, ಉಸಿರು ಒಮ್ಮೆ ಬಿರುಸಾಗಿ ಒಮ್ಮೆ ನಿಂತಂತಾಗಿ, ಕಣ್ಣುಗುಡ್ಡೆಗಳು ಅತ್ತಿತ್ತ ಅಲುಗುತ್ತಿದ್ದರೆ ಎಂಆರ್‌ಐ ಮಾಡಿಸುವುದು ಯೋಗ್ಯ. ಜೂಬೇರ್ ಸಿಂಡ್ರೋಮಿನಲ್ಲಿ ಮೆದುಳಿನ ಬುಡದ ಅಡ್ಡಚಿತ್ರ ದವಡೆಹಲ್ಲಿನ ಆಕಾರದಲ್ಲಿ ಕಾಣುತ್ತದೆ. ಅದು ಕಂಡ ಮೇಲೆ ಆ ಮಗುವಿನ ಕಣ್ಣು, ಕಿಡ್ನಿ, ಯಕೃತ್ತುಗಳನ್ನು ವರ್ಷ ವರ್ಷವೂ ಪರೀಕ್ಷಿಸುತ್ತಿರಬೇಕು.

ಹಾಳೆ ತುಂಬಿದ ಮೇಲೆ ಗುರುತುಗಳು ಬಿದ್ದ ರೀತಿಯನ್ನು ನೋಡಿ. ಪ್ರತಿ ತಲೆಮಾರಿನಲ್ಲಿಯೂ ಒಬ್ಬಿಬ್ಬರಿಗೆ ಮೂವತ್ತು ನಲವತ್ತರಲ್ಲೇ ಬಿಪಿ, ಆಮೇಲೆ ಡಯಾಲಿಸಿಸ್, ಯಾರಿಗೋ ಮೆದುಳಿನ ರಕ್ತಸ್ರಾವ ಎಂದಿದ್ದರೆ ಅದು ದೊಡ್ಡವರ ಗುಳ್ಳೆ ಕಿಡ್ನಿ ರೋಗ ಇರಬಹುದು. ಪಿಕೆಡಿ1 ಅಥವಾ ಪಿಕೆಡಿ2 ವಂಶವಾಹಿಯ ಒಂದು ಪ್ರತಿ ಕೆಟ್ಟಿದ್ದರೂ ಸಾಕು, ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧ. ಆ ವಂಶವಾಹಿಗಳ ಪ್ರೋಟೀನುಗಳು ಕಿಡ್ನಿ ನಾಳದ ಸಿಲಿಯದಲ್ಲಿರುತ್ತವೆ. ಮೂತ್ರದ ಹರಿವನ್ನು ಅವು ಅರಿಯುತ್ತವೆಯೆ ಎಂಬುದು ಇಂದಿಗೂ ವಾದದಲ್ಲಿರುವ ವಿಷಯ. ಬಿಪಿಯನ್ನು ಬೇಗ ಹಿಡಿತಕ್ಕೆ ತಂದರೆ ಮತ್ತು ತಕ್ಕವರಿಗೆ ಟೋಲ್‌ವಾಪ್ಟಾನ್ ಎಂಬ ಮದ್ದು ಕೊಟ್ಟರೆ ಕಿಡ್ನಿ ಹೆಚ್ಚು ಕಾಲ ಬಾಳುತ್ತದೆ.

ಮೇಲೆ ಹೇಳಿದ ಮಕ್ಕಳ ರೋಗಗಳಲ್ಲಿ ಬಹುಪಾಲಿನ ಹಂಚಿಕೆ ಬೇರೆ. ತಂದೆ ತಾಯಿ ಇಬ್ಬರೂ ಆರೋಗ್ಯವಾಗಿದ್ದು, ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿಯಿದ್ದಾಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಅಕ್ಕನ ಮಗಳನ್ನು ಮದುವೆಯಾದಾಗ ಮಗುವಿನ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬರೇ ಪೂರ್ವಜರಿಂದ ಬಂದಿರುವ ಸಾಧ್ಯತೆ 8ರಲ್ಲಿ 1, ಸೋದರಮಾವನ ಅಥವಾ ಸೋದರತ್ತೆಯ ಮಗನನ್ನೋ ಮಗಳನ್ನೋ ಮದುವೆಯಾದಾಗ 16ರಲ್ಲಿ 1. ಸಂಬಂಧದಲ್ಲಿ ಮದುವೆಯಾದ ಹೆಚ್ಚಿನ ದಂಪತಿಗಳ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ ಎಂಬುದನ್ನೂ, ಕೆಟ್ಟ ಪ್ರತಿ ತಂದೆ ತಾಯಿ ಇಬ್ಬರಿಂದಲೂ ಬಂದದ್ದು ಎಂಬುದನ್ನೂ ಮನೆಯವರೆಲ್ಲರ ಮುಂದೆ, ಅತ್ತೆ ಮಾವಂದಿರ ಮುಂದೆಯೂ ಸ್ಪಷ್ಟವಾಗಿ ಹೇಳಬೇಕು. ತಾಯಿಯೊಬ್ಬಳನ್ನೇ ದೂರುವ ರೂಢಿ ನಿಲ್ಲಬೇಕಾದದ್ದು ಇಲ್ಲಿ.

ಹಾಳೆ ಕೈಯಲ್ಲಿ ಹಿಡಿದು ಆಸ್ಪತ್ರೆಗೆ

ಹದಿನೆಂಟು ವರ್ಷದೊಳಗಿನ ಮಕ್ಕಳಾದರೆ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಬಂದಾಗ ಈ ಹಾಳೆಯನ್ನು ತೋರಿಸಿ ಮೇಲಿನ ಆಸ್ಪತ್ರೆಗೆ ಬರೆಸಿಕೊಳ್ಳಬಹುದು. ವೈದ್ಯರ ಬಳಿ ಹೋಗುವಾಗ ಹಳೆಯ ಚೀಟಿ, ಸ್ಕ್ಯಾನಿಂಗ್, ಎಕ್ಸ್‌ರೇಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿ ಜೋಡಿಸಿ, ಎಲ್ಲಕ್ಕಿಂತ ಮೇಲೆ ವಂಶವೃಕ್ಷವನ್ನಿಡಿ. ಕಣ್ಣಿಗೆ ಹೋದಾಗ ಕಿಡ್ನಿಯ ವಿಷಯವನ್ನೂ, ಕಿಡ್ನಿಗೆ ಹೋದಾಗ ಬೆರಳಿನ ವಿಷಯವನ್ನೂ ಕೇಳದಿದ್ದರೂ ಹೇಳಬೇಕು. ಇವೆಲ್ಲ ಒಂದೇ ಕಾರಣದಿಂದ ಆಗಿರಬಹುದೆ ಎಂದು ವಿನಯದಿಂದ ಕೇಳುವುದು ತಪ್ಪಲ್ಲ.

ಸಂಶಯ ಗಟ್ಟಿಯಾದರೆ ವಂಶವಾಹಿ ಪರೀಕ್ಷೆ ಬೇಕಾಗುತ್ತದೆ. ಬಾರ್ಡೆ-ಬೀಡಲ್ ಒಂದಕ್ಕೇ ಇಪ್ಪತ್ತಕ್ಕಿಂತ ಹೆಚ್ಚು ವಂಶವಾಹಿಗಳು ಗೊತ್ತಿರುವುದರಿಂದ ಒಂದೊಂದನ್ನೇ ಹುಡುಕದೆ, ವಂಶವಾಹಿಗಳಲ್ಲಿ ಪ್ರೋಟೀನಿಗೆ ಸೂಚನೆ ಕೊಡುವ ಭಾಗಗಳನ್ನು ಓದುವ ಎಕ್ಸೋಮ್ ಪರೀಕ್ಷೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಓದುತ್ತಾರೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂತಹ ಕಡೆ ವಂಶವಾಹಿ ಸಮಾಲೋಚನೆ ದೊರೆಯುತ್ತದೆ. ಮಗುವಿನ ರಕ್ತದ ಜೊತೆಗೆ ತಂದೆ ತಾಯಿಯ ರಕ್ತವನ್ನೂ ಕೊಡುವುದು ಒಳ್ಳೆಯದು, ಯಾವ ಬದಲಾವಣೆ ಯಾರಿಂದ ಬಂತು ಎಂಬುದು ಆಗಲೇ ಖಚಿತವಾಗುತ್ತದೆ. ಇದನ್ನು ಮುಂದಿನ ಬಸಿರಿಗೆ ಮೊದಲೇ ಮಾಡಿಸಬೇಕು. ಕಾರಣವಾದ ಬದಲಾವಣೆ ಮೊದಲೇ ಗೊತ್ತಿದ್ದರೆ ಬಸಿರಿನ ಮೂರನೆಯ ತಿಂಗಳ ಹೊತ್ತಿಗೇ ಪರೀಕ್ಷೆ ಸಾಧ್ಯ. ಗೊತ್ತಿಲ್ಲದಿದ್ದರೆ 18ರಿಂದ 20ನೆಯ ವಾರದ ಸ್ಕ್ಯಾನಿಂಗಿನವರೆಗೆ ಕಾಯಬೇಕಾಗುತ್ತದೆ. ಲಿಂಗ ತಿಳಿಸುವುದನ್ನು 1994ರ ಕಾಯ್ದೆ ನಿಷೇಧಿಸಿದೆಯೇ ಹೊರತು, ನೋಂದಾಯಿತ ಕೇಂದ್ರಗಳಲ್ಲಿ ವಂಶವಾಹಿ ರೋಗಗಳ ಪತ್ತೆಯನ್ನು ನಿಷೇಧಿಸಿಲ್ಲ.

ಸಿಲಿಯವನ್ನೇ ಸರಿಪಡಿಸುವ ಮದ್ದು ಈ ರೋಗಗಳಲ್ಲಿ ಹೆಚ್ಚಿನವಕ್ಕೆ ಇನ್ನೂ ಇಲ್ಲ. ಆದರೂ ಕೆಮ್ಮಿನ ಮಗುವಿಗೆ ದಿನವೂ ಎದೆಯ ಕಫ ತೆಗೆಸುವ ವ್ಯಾಯಾಮ ಮತ್ತು ಲಸಿಕೆಗಳು, ದೃಷ್ಟಿ ಕುಂದುತ್ತಿರುವ ಮಗುವಿಗೆ ಕಣ್ಣು ಇರುವಾಗಲೇ ಬ್ರೈಲ್ ಮತ್ತು ಕೋಲಿನ ತರಬೇತಿ, ಕಿಡ್ನಿಯ ಮಗುವಿಗೆ ಮೂರು ತಿಂಗಳಿಗೊಮ್ಮೆಯೋ ಆರು ತಿಂಗಳಿಗೊಮ್ಮೆಯೋ ವೈದ್ಯರು ಹೇಳಿದಂತೆ ರಕ್ತ ಪರೀಕ್ಷೆ, ಇವುಗಳಿಂದ ಬದುಕು ನಿಜವಾಗಿಯೂ ಹಗುರಾಗುತ್ತದೆ. ಕಿಡ್ನಿ ಕಸಿಯ ಮಾತು ಬಂದಾಗ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ತಾವೇ ಕೊಡುತ್ತೇವೆಂದು ಮುಂದೆ ಬರುತ್ತಾರೆ. ಅವರಲ್ಲಿ ಇನ್ನೂ ಲಕ್ಷಣ ತೋರದ ಅದೇ ರೋಗ ಅಡಗಿರಬಹುದಾದ್ದರಿಂದ, ಕುಟುಂಬದಲ್ಲಿ ಕಂಡುಬಂದ ವಂಶವಾಹಿ ಬದಲಾವಣೆಗಾಗಿ ಅವರ ರಕ್ತವನ್ನೂ ಪರೀಕ್ಷಿಸಿದ ಮೇಲೆಯೇ ದಾನಿಯನ್ನು ಗೊತ್ತುಮಾಡಬೇಕು.